ಐದು ಹೆಸರಿನ ಕಾರ್ಡಿನಲ್ಲಿ ಆರನೆಯವಳು

ಆ ದಿನ ಮಾಡಿದ ಕೆಲಸಗಳು ಇಷ್ಟು. ಬೆಳಕು ಹರಿಯುವ ಮೊದಲೇ ಎದ್ದು ಬಚ್ಚಲಿನ ಹಿಂದೆ ನನ್ನ ಬಟ್ಟೆ ಒಗೆದು, ಯಾರಿಗೂ ಕಾಣದ ಹಾಗೆ ಬಾಳೆಗಿಡಗಳ ನಡುವಿನ ಹಗ್ಗಕ್ಕೆ ಹಾಕಿದ್ದು. ಒಲೆಗೆ ಬೆಂಕಿ ಮಾಡಿ ಕುಚ್ಚಿಲಕ್ಕಿಗೆ ನೀರು ಇಟ್ಟದ್ದು. ಅಮ್ಮನಿಗೆ ಬಿ.ಪಿ. ಮಾತ್ರೆ ಕೊಟ್ಟದ್ದು. ಮಗುವಿನ ಬಟ್ಟೆಗಳನ್ನು ಮಡಚಿದ್ದು. ನೆನೆಹಾಕಿದ ಬೀಡಿ ಎಲೆಯ ನೀರು ಕೊಡವಿ ಗೋಣಿಯಲ್ಲಿ ಸುತ್ತಿಟ್ಟದ್ದು. ಮಧ್ಯಾಹ್ನದ ಪಲ್ಯಕ್ಕೆ ನುಗ್ಗೆಸೊಪ್ಪು ಬಿಡಿಸಿದ್ದು. ಹತ್ತು ಗಂಟೆಯವರೆಗೆ ಕುಳಿತು ಎಲೆ ಕತ್ತರಿಸಿದ್ದು. ಚೂರುಗಳನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕಲು ಎದ್ದದ್ದು. ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಎದ್ದವಳಿಗೆ ಅಂಗಳವೆಲ್ಲ ಒಮ್ಮೆ ಬಿಳಿಯಾಗಿ ಕಂಡಿತು. ಮತ್ತೆ ಕಣ್ಣು ಬಿಡುವಾಗ ನನ್ನ ತಲೆ ಧನ್ಯಳ ತೊಡೆಯ ಮೇಲಿತ್ತು.

ಧನ್ಯ ನನ್ನ ಅಣ್ಣನ ಮಗ ಪ್ರಶಾಂತನ ಹೆಂಡತಿ, ಆ ಮಗುವಿನ ತಾಯಿ. ಕಾಸರಗೋಡು ಜಿಲ್ಲೆಯ ತೆಂಕು ಭಾಗದಿಂದ ಮದುವೆಯಾಗಿ ಬಂದವಳು, ಮಲಯಾಳ ಓದಿದವಳು. ನಮ್ಮ ಮನೆಯ ತುಳುವನ್ನೂ ಊರಿನ ಕನ್ನಡವನ್ನೂ ಒಂದು ವರ್ಷದಲ್ಲಿ ಅಷ್ಟಿಷ್ಟು ಕಲಿತು, ಮೂರನ್ನೂ ಕಲಸಿ ಮಾತಾಡುತ್ತಾಳೆ. ನನ್ನನ್ನು ಅವಳ ಕಡೆಯ ರೂಢಿಯಂತೆ ಅಮ್ಮಾಯಿ, ಅಂದರೆ ಅತ್ತೆ, ಎಂದು ಕರೆಯುತ್ತಾಳೆ. ಮನೆಯವರ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಅಮ್ಮಾಯಿ, ಸೀರೆ ಎಲ್ಲ ರಕ್ತ. ಇದು ಎಷ್ಟು ದಿನದಿಂದ?" ಎಂದು ಅವಳು ಕೇಳಿದಳು.

"ಎಂತ ಇಲ್ಲ. ಪ್ರಾಯ ಆಗುವಾಗ ಎಲ್ಲರಿಗೂ ಹೀಗೆಯೇ."

"ಎಲ್ಲರೂ ಅಂಗಳದಲ್ಲಿ ಬೀಳುದಿಲ್ಲ."

ನಾನು ಯಾರು ಎಂದು ಮೊದಲೇ ಹೇಳಬೇಕಿತ್ತು. ಹೆಸರು ಯಮುನಾ, ಆಗ ನನಗೆ ನಲವತ್ತಾರು. ಎರಡು ವರ್ಷದ ಮಗುವಾಗಿರುವಾಗ ಪೋಲಿಯೋ ಬಂದು ಎಡಗಾಲು ಸೊರಗಿತು. ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿದು ನಡೆಯುತ್ತೇನೆ, ದೂರಕ್ಕಾದರೆ ಊರುಗೋಲು. ಮದುವೆ ಆಗಲಿಲ್ಲ. ಉಪ್ಪಳ ಪೇಟೆಯಿಂದ ಸ್ವಲ್ಪ ಒಳಗೆ ಅಣ್ಣನ ಮನೆಯಲ್ಲಿದ್ದೇನೆ. ಅಣ್ಣ ಗಾರೆ ಕೆಲಸದ ಮೇಸ್ತ್ರಿ, ಪ್ರಶಾಂತ ವಯರಿಂಗ್ ಕೆಲಸ ಮಾಡುತ್ತಾನೆ, ಅತ್ತಿಗೆ ಮತ್ತು ನಾನು ಬೀಡಿ ಕಟ್ಟುತ್ತೇವೆ. ಅಮ್ಮ ಜಗಲಿಯಲ್ಲಿ ಕುಳಿತು ಎಲ್ಲರಿಗೂ ಸಲಹೆ ಕೊಡುತ್ತಾರೆ.

ಏಳು ತಿಂಗಳಿನಿಂದ ರಕ್ತಸ್ರಾವ ಹೆಚ್ಚಾಗಿತ್ತು. ತಿಂಗಳಿಗೆ ಹದಿನೈದು ದಿನ, ಕೆಲವೊಮ್ಮೆ ಇಪ್ಪತ್ತು. ನನಗೆ ದಿನದ ಸಣ್ಣಪುಟ್ಟ ಸಂಗತಿಗಳನ್ನು ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಗುರುತು ಹಾಕುವ ಅಭ್ಯಾಸವಿದೆ. ಗ್ಯಾಸ್ ಬಂದ ದಿನ, ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದ ದಿನ, ಕೋಳಿ ಕಾವಿಗೆ ಕೂತ ದಿನ. ರಕ್ತ ಹೋದ ದಿನಕ್ಕೆ ಒಂದು ಸಣ್ಣ ಅಡ್ಡಗೀಟು ಹಾಕುತ್ತಿದ್ದೆ. ಅತ್ತಿಗೆ ಅದನ್ನು ಹಾಲು ಬಾರದ ದಿನದ ಗುರುತು ಎಂದು ತಿಳಿದು, ತಿಂಗಳ ಕೊನೆಯಲ್ಲಿ ಹಾಲಿನವನನ್ನು ಗೇಟಿನಲ್ಲೇ ನಿಲ್ಲಿಸಿ ಜಗಳ ಮಾಡಿದರು. ಪಾಪ, ಅವನು ಪಂಜುರ್ಲಿ ದೈವದ ಮೇಲೆ ಆಣೆ ಹಾಕಿದ. ನಾನು ಒಳಗೆ ಕುಳಿತು ಎಲೆ ಕತ್ತರಿಸುತ್ತಿದ್ದೆ, ಬಾಯಿ ಬಿಡಲಿಲ್ಲ.

ಬಾಯಿ ಬಿಡದೆ ಇದ್ದದ್ದಕ್ಕೆ ಕಾರಣವಿತ್ತು. ಅದನ್ನು ಬರೆಯುವುದಕ್ಕಾಗಿಯೇ ನಾನು ಕುಳಿತದ್ದು.

ಅಂದು ಅತ್ತಿಗೆ ಬ್ರಾಂಚಿಗೆ ಹೋಗಿದ್ದರು, ಅಮ್ಮನಿಗೆ ಜಗಲಿಯಲ್ಲಿ ತೂಕಡಿಕೆ. ಧನ್ಯ ನನ್ನನ್ನು ಒಳಗೆ ಮಲಗಿಸಿ, "ಇವತ್ತೇ ಆಸ್ಪತ್ರೆಗೆ ಹೋಗುವ. ಅಮ್ಮಾಯಿಯ ಕಾರ್ಡ್ ಎಲ್ಲಿ ಉಂಟು?" ಎಂದಳು. ನಾನು ಉತ್ತರಿಸುವ ಮೊದಲೇ ನನ್ನ ಟ್ರಂಕಿನ ಮುಚ್ಚಳ ತೆಗೆದಾಗಿತ್ತು. ಪ್ಲಾಸ್ಟಿಕ್ ಹಾಕಿಸಿದ ಅಂಗವಿಕಲರ ಗುರುತಿನ ಕಾರ್ಡ್ ಮೇಲೆಯೇ ಇತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ಮುಂದೆ ಓದಿದಳು, ತಿರುಗಿಸಿ ಹಿಂದೆ ಓದಿದಳು. ಮತ್ತೆ ಮುಂದೆ ಓದಿದಳು.

"ಅಮ್ಮಾಯಿ, ಇದರಲ್ಲಿ ಆಸ್ಪತ್ರೆ ಅಂತ ಎಲ್ಲಿಯೂ ಇಲ್ಲ."

"ಗೊತ್ತುಂಟು," ಎಂದೆ.

ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕೇರಳ ಸರ್ಕಾರದಿಂದ ಬರುವ ಕಾಗದಗಳನ್ನು ಯಾರಾದರೂ ಓದಿ ಹೇಳಿದಷ್ಟು ತಿಳಿದುಕೊಂಡು, ಬೆರಳು ತೋರಿಸಿದಲ್ಲಿ ಸಹಿ ಹಾಕಿ ಬದುಕಿದವರು ನಾವು. ಈ ಕಾರ್ಡನ್ನು ನನಗೆ ಒಂದು ಶಿಬಿರದಲ್ಲಿ ಕೊಟ್ಟಿದ್ದರು. ಅಂದು ಡಾಕ್ಟರು ಕಾಲು ಪರೀಕ್ಷಿಸಿದರು, ನರ್ಸ್ ಕೈತುಂಬ ಮಾತ್ರೆ ಕೊಟ್ಟರು, ಯಾರೂ ಏನನ್ನೂ ಕೇಳಲಿಲ್ಲ. ಹಾಗಾದರೆ ಇದು ಆಸ್ಪತ್ರೆಯ ಕಾರ್ಡ್ ಎಂದು ನಾನೂ ನಂಬಿದೆ, ಮನೆಯವರೂ ನಂಬಿದರು. ಪೂರಾ ಮಲಯಾಳದಲ್ಲಿದ್ದ ಅದನ್ನು ಓದಿ ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಅದಾಗಿ ಕೆಲವು ಕಾಲಕ್ಕೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್ ಬಂತು. ಊರಿನ ಶಾಲೆಯಲ್ಲಿ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ ಎಂದು ಗೊತ್ತಾಗಿ ನಾವು ಆರು ಮಂದಿ ಒಗೆದ ಬಟ್ಟೆ ಹಾಕಿಕೊಂಡು ಹೋದೆವು: ಅಮ್ಮ, ಅಣ್ಣ, ಅತ್ತಿಗೆ, ಪ್ರಶಾಂತ, ಅವನ ತಂಗಿ ಸೌಮ್ಯ, ನಾನು. ಮೇಜಿನ ಹಿಂದೆ ಕುಳಿತವನು ನಮ್ಮನ್ನು ಎಣಿಸಿ, ಒಂದು ಮನೆಗೆ ಐದೇ ಹೆಸರು ಎಂದ. ಹಿಂದೆ ಸಾಲು ಉದ್ದವಿತ್ತು. ಅತ್ತಿಗೆ ಒಬ್ಬೊಬ್ಬರ ಮುಖ ನೋಡಿದರು. ಅಮ್ಮನನ್ನು ಬಿಡುವುದೇ? ಮಕ್ಕಳನ್ನು ಬಿಡುವುದೇ?

"ನನಗೆ ಬೇರೆ ಕಾರ್ಡ್ ಉಂಟಲ್ಲ," ಎಂದು ನಾನು ಸಾಲಿನಿಂದ ಈಚೆ ಬಂದೆ.

"ಹೌದಲ್ಲ!" ಎಂದು ಅಣ್ಣ ಎಷ್ಟು ಹಗುರಾಗಿ ನಕ್ಕ ಎಂದರೆ, ಆ ನಗು ನೋಡಿ ನನಗೂ ಸಂತೋಷವೇ ಆಯಿತು.

ಮರುವರ್ಷ ಪಾದದ ಗಾಯ ಕೀವಾಗಿ ಆಸ್ಪತ್ರೆಗೆ ಹೋದಾಗ ಕೌಂಟರಿನವರು ನನ್ನ ಕಾರ್ಡನ್ನು ಹಿಂದೆ ತಳ್ಳಿ, ಇದು ಬಸ್ಸಿಗೆ ಮತ್ತು ಪಿಂಚಣಿಗೆ ಮಾತ್ರ ಎಂದರು. ಬೀಡಿಯ ಹಣದಲ್ಲಿ ಮದ್ದು ಮಾಡಿಸಿಕೊಂಡು ಮನೆಗೆ ಬಂದು, "ಎಲ್ಲ ಕಾರ್ಡಿನಲ್ಲೇ ಆಯಿತು," ಎಂದು ಹೇಳಿದೆ. ಸುಳ್ಳು ಶುರುವಾದದ್ದು ಆಗ. ಸತ್ಯ ಹೇಳಿದರೆ ಯಾರದೋ ಒಂದು ಹೆಸರು ತೆಗೆಯಬೇಕಾಗುತ್ತದೆ, ಆ ಮಾತುಕತೆಯೇ ನನಗೆ ಬೇಡವಾಗಿತ್ತು. ಕಾಲು ಹೀಗಿರುವವರಿಗೆ ಇದು ಅರ್ಥವಾದೀತು. ಚಿಕ್ಕಂದಿನಿಂದ ಎಲ್ಲರೂ ನನಗಾಗಿ ನಿಧಾನ ನಡೆದಿದ್ದಾರೆ; ಇನ್ನೊಂದಕ್ಕೆ ಕಾಯಿಸುವುದು ಹೇಗೆ ಎಂದು ಅನಿಸುತ್ತದೆ.

ಸೌಮ್ಯ ಮದುವೆಯಾಗಿ ಹೋದಾಗ ಒಂದು ಜಾಗ ಖಾಲಿಯಾಯಿತು. ನಿಜ ಹೇಳಬೇಕೆಂದರೆ, ಅವಳನ್ನು ದಿಬ್ಬಣದ ಕಾರಿಗೆ ಹತ್ತಿಸಿ ಎಲ್ಲರೂ ಅಳುವಾಗ ನನ್ನ ತಲೆಯಲ್ಲಿ ಆ ಐದನೆಯ ಜಾಗವೂ ಒಮ್ಮೆ ಸುಳಿದು ಹೋಯಿತು. ಆದರೆ ಅದೇ ವರ್ಷ ಧನ್ಯ ಬಂದಳು. ಕಾರ್ಡ್ ನವೀಕರಣಕ್ಕೆ ಕರೆಯುವಾಗ ಅವಳು ಬಸುರಿ. ಬಸುರಿಯ ಜಾಗಕ್ಕೆ ಯಾರು ಆಸೆಪಡುತ್ತಾರೆ?

ಇದನ್ನೆಲ್ಲ ಅಂದು ಧನ್ಯಳಿಗೆ ಹೇಳಿದೆ. ಅವಳು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಆಮೇಲೆ, "ಹಾಗಾದರೆ ನಾನು ಅಮ್ಮಾಯಿಯ ಜಾಗದಲ್ಲಿ ಹೆತ್ತದ್ದಾ?" ಎಂದಳು.

"ಹುಚ್ಚಿ, ಜಾಗ ಎಂತ ಬಸ್ಸಿನ ಸೀಟಾ? ಯಾರಿಗೂ ಹೇಳಬೇಡ."

"ಹೇಳುದಿಲ್ಲ. ಆದರೆ ನಾಳೆ ನನ್ನೊಟ್ಟಿಗೆ ಬರಬೇಕು. ಬರದಿದ್ದರೆ ಇವತ್ತು ಸಂಜೆಯೇ ಮಾವನ ಹತ್ತಿರ ಹೇಳ್ತೇನೆ."

ಮರುದಿನ ಪಿಂಚಣಿಯ ಕಾಗದದ ಕೆಲಸ ಎಂದು ಹೇಳಿ, ಮಗುವನ್ನು ಅತ್ತಿಗೆಯ ಕೈಯಲ್ಲಿ ಬಿಟ್ಟು ಹೊರಟೆವು. ಅವಳು ಹೆತ್ತದ್ದು ಕಾಸರಗೋಡಿನಲ್ಲಿ ಕಾರ್ಡ್ ನಡೆಯುವ ಒಂದು ಆಸ್ಪತ್ರೆಯಲ್ಲಿ. ಅಲ್ಲಿಗೇ ಕರೆದುಕೊಂಡು ಹೋದಳು.

ಕಾಯುವ ಹಾಲ್ ಉದ್ದಕ್ಕೆ ಇತ್ತು, ಕಬ್ಬಿಣದ ಕುರ್ಚಿಗಳು. ನನ್ನ ಎಡ ಪಾದ ನೆಲಕ್ಕೆ ತಾಗುವುದಿಲ್ಲ, ತೂಗುತ್ತದೆ. ಸ್ವಲ್ಪ ಹೊತ್ತಿಗೆ ಜೋಮು ಹಿಡಿಯುತ್ತದೆ. ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು ಮೂತ್ರ ತಡೆದು ಕೂರಬೇಕು ಎಂದರು. ಎರಡು ಕಾಲು ಇರುವವರಿಗೇ ಅದು ಕಷ್ಟ. ನನ್ನ ಮುಂದೆ ಹನ್ನೊಂದು ಮಂದಿ. ಎಂಟನೆಯವರು ಹೋಗುವಾಗ ಬೆವರತೊಡಗಿದೆ. ಎದುರು ಕುಳಿತಿದ್ದ ಒಬ್ಬರು ಬ್ಯಾರಿ ಹೆಂಗಸು, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, "ನೀವು ಮೊದಲು ಹೋಗಿ ಅಕ್ಕ, ನನಗೆ ಅರ್ಜೆಂಟಿಲ್ಲ," ಎಂದು ತಮ್ಮ ಟೋಕನ್ನನ್ನು ನನ್ನ ಕೈಗೆ ಕೊಟ್ಟರು. ಅವರ ಮೊಣಕಾಲು ಒಂದೇ ಸಮನೆ ಅಲುಗುತ್ತಿತ್ತು, ಅವರಿಗೂ ತುಂಬಾ ಅರ್ಜೆಂಟಿತ್ತು. ಆ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ.

ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು. ಪರೀಕ್ಷೆಯ ಮಂಚ ಎತ್ತರದ್ದು. ಹತ್ತಲು ಇಟ್ಟ ಮೆಟ್ಟಿಲು ನನ್ನ ಕಾಲಿಗೆ ಆಗದು. ಅವರು ಕರೆಗಂಟೆ ಒತ್ತಿ ಯಾರಿಗೋ ಕಾಯದೆ, ತಾವೇ ಬಂದು ನನ್ನ ಕಂಕುಳಿಗೆ ಕೈಕೊಟ್ಟು ಎತ್ತಿದರು. ಗರ್ಭಕೋಶದಲ್ಲಿ ಗೆಡ್ಡೆಗಳಿವೆ, ದೊಡ್ಡದು ಒಂದು ತೆಂಗಿನ ಎಳೆಗಾಯಿಯಷ್ಟಿದೆ, ರಕ್ತ ತುಂಬಾ ಕಡಿಮೆಯಾಗಿದೆ, ಗರ್ಭಕೋಶ ತೆಗೆಯಬೇಕು, ಮೊದಲು ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಪರೀಕ್ಷೆ ಎಂದರೆ ಯಾವುದರ ಪರೀಕ್ಷೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಧನ್ಯ ಕೇಳಿದಳು. "ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಲಿಕ್ಕೆ," ಎಂದರು.

"ಸಣ್ಣ ಆಸ್ಪತ್ರೆಯಲ್ಲಿ ಮಾಡಿಸಬಹುದಾ?" ಎಂದು ನಾನು ಕೇಳಿದೆ.

"ನಿಮ್ಮ ಬೆನ್ನು ಬಾಗಿದೆ, ಉಸಿರಿನ ಜಾಗ ಕಡಿಮೆ ಉಂಟು. ಐ.ಸಿ.ಯು. ಇರುವಲ್ಲಿಯೇ ಮಾಡಬೇಕು. ಕಾರ್ಡ್ ಇದೆಯಲ್ಲ?"

ಕಾರ್ಡಿನ ಕೌಂಟರಿನಲ್ಲಿ ಸಪೂರದ ಒಬ್ಬಳು ಹುಡುಗಿ ಇದ್ದಳು. ಧನ್ಯ ಮನೆಯ ಕಾರ್ಡ್ ಕೊಟ್ಟಳು. ಹುಡುಗಿ ಪರದೆಯ ಮೇಲೆ ಐದು ಹೆಸರು ಓದಿದಳು. ಐದೂ ನನಗೆ ಬಾಯಿಪಾಠ ಇದ್ದ ಹೆಸರುಗಳೇ. "ಯಮುನಾ ಅಂತ ಇಲ್ಲ," ಎಂದಳು. "ಈಗ ಸೇರಿಸ್ಲಿಕ್ಕೆ ಆಗುದಿಲ್ಲ. ಹೊಸ ಪದ್ಧತಿ ಬರ್ತದೆ ಅಂತ ಹೇಳ್ತಿದ್ದಾರೆ. ಅದರಲ್ಲಿ ಐದು ಅಂತ ಲೆಕ್ಕ ಇಲ್ಲವಂತೆ, ರೇಷನ್ ಕಾರ್ಡಿನಲ್ಲಿ ಹೆಸರಿದ್ದ ಎಲ್ಲರಿಗೂ ಉಂಟಂತೆ. ಆದರೆ ನಮಗೆ ಇನ್ನೂ ಆರ್ಡರ್ ಬರ್ಲಿಲ್ಲ. ನಿಮ್ಮ ಹೆಸರು ರೇಷನ್ ಕಾರ್ಡಿನಲ್ಲಿ ಉಂಟಾ ನೋಡಿ."

ಇತ್ತು. ಅಕ್ಕಿಗೆ ನಾವು ಯಾವಾಗಲೂ ಆರು ಮಂದಿ, ಆಸ್ಪತ್ರೆಗೆ ಮಾತ್ರ ಐದು. ಆದರೆ ರೇಷನ್ ಕಾರ್ಡ್ ಇರುವುದು ಅತ್ತಿಗೆಯ ಕಪಾಟಿನಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಇನ್ನು ಅಡಗಿಸಿಡುವ ಹಾಗಿರಲಿಲ್ಲ.

ಅತ್ತಿಗೆ ಅಡುಗೆಮನೆಯ ಹೊರಗೆ ಮೆಟ್ಟುಕತ್ತಿಯ ಮುಂದೆ ಕುಳಿತು ಬೂತಾಯಿ ಮೀನು ಶುಚಿ ಮಾಡುತ್ತಿದ್ದರು. ಎರಡು ಬೆಕ್ಕು ಎದುರು ಕುಳಿತಿದ್ದವು. ನಾನು ಮೂರನೆಯ ಬೆಕ್ಕಿನಂತೆ ಪಕ್ಕದಲ್ಲಿ ಕುಳಿತು, ಮೊದಲು ರಕ್ತದ ವಿಷಯ, ಆಮೇಲೆ ಕಾರ್ಡಿನ ವಿಷಯ ಹೇಳಿದೆ. ಅವರ ಕೈ ನಿಂತಿತು.

"ಕ್ಯಾಲೆಂಡರಿನ ಗೀಟು?"

"ಅದೇ."

"ಅಯ್ಯೋ, ಆ ಹಾಲಿನವನಿಗೆ ಬಾಯಿಗೆ ಬಂದ ಹಾಗೆ ಬೈದೆನಲ್ಲ ಮಾರಾಯ್ತಿ! ಅವನು ಇನ್ನು ನಮ್ಮ ಗೇಟಿಗೆ ಮುಖ ಹಾಕುದಿಲ್ಲ." ಇನ್ನೊಂದು ಮೀನಿನ ತಲೆ ಕತ್ತರಿಸಿದರು. ಮತ್ತೆ ಸ್ವರ ಏರಿಸಿದರು: "ಇಷ್ಟು ವರ್ಷ ಇಷ್ಟು ದೊಡ್ಡ ಸುಳ್ಳು ಹೇಳ್ಲಿಕ್ಕೆ ನಿನಗೆ ಧೈರ್ಯ ಉಂಟು. ನೆತ್ತರು ಹೋಗ್ತಾ ಉಂಟು ಅಂತ ಒಂದು ಮಾತು ಹೇಳ್ಲಿಕ್ಕೆ ಬಾಯಿಲ್ಲ. ದಿನಾ ನನ್ನ ಪಕ್ಕದಲ್ಲೇ ಕೂತು ಬೀಡಿ ಕಟ್ಟಿದ್ದಿ ಅಲ್ವಾ ನೀನು? ನಾನು ಎಂತ, ಗೋಡೆಯಾ?"

ಬೈಯುತ್ತಲೇ ಮೀನಿನ ಕೈಯಲ್ಲಿ ಕಣ್ಣು ಒರೆಸಲು ಹೋಗಿ, ಉರಿದು, ಧನ್ಯ ನೀರು ತಂದು ತೊಳೆಸಬೇಕಾಯಿತು.

ಅಣ್ಣ ಕೆಲಸದಿಂದ ಬಂದು ಸ್ನಾನ ಮಾಡಿದ ಮೇಲೆ ಅತ್ತಿಗೆಯೇ ಹೇಳಿದರು. ಅವನು ಚಾ ಲೋಟ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ಕುಳಿತ. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಎಷ್ಟು ವರ್ಷ ಆಯಿತು?"

"ಏಳೆಂಟು."

"ಅಷ್ಟು ವರ್ಷ ನನ್ನ ತಂಗಿಯನ್ನು ನಾನು ಹೊರಗೆ ನಿಲ್ಲಿಸಿದ ಹಾಗಾಯ್ತಲ್ಲ."

"ನೀನು ನಿಲ್ಲಿಸಿದ್ದಲ್ಲ ಅಣ್ಣ. ನಾನೇ ನಿಂತದ್ದು."

"ಎರಡೂ ಒಂದೇ," ಎಂದ. ಅಂದು ಶಾಲೆಯಲ್ಲಿ ಹಗುರಾಗಿ ನಕ್ಕದ್ದು ಅವನಿಗೂ ನೆನಪಾಗಿರಬೇಕು. ಲೋಟ ಕೆಳಗಿಟ್ಟ. ಆಮೇಲೆ ಹೇಳಿದ, "ನನ್ನ ಹೆಸರು ತೆಗೆದು ಇವಳದ್ದು ಹಾಕಿಸುವ."

"ಕಟ್ಟಡ ಹತ್ತುವವರು ನೀವು. ನಾಳೆ ಮೇಲಿಂದ ಬಿದ್ದರೆ ಎಂತ ಮಾಡುದು?" ಅತ್ತಿಗೆ ಒಳಗಿಂದಲೇ ಕೂಗಿದರು. "ನನ್ನದು ತೆಗೀರಿ. ನನಗೆ ಶೀತ ಬಿಟ್ಟರೆ ಎಂತದೂ ಬರುದಿಲ್ಲ."

"ನನ್ನದು ತೆಗೀರಿ," ಎಂದರು ಅಮ್ಮ. "ನಾನು ಇನ್ನು ಎಷ್ಟು ದಿನ?"

"ಅಜ್ಜಿ ಹತ್ತು ವರ್ಷದಿಂದ ಇದನ್ನೇ ಹೇಳ್ತಾ ಇದ್ದೀರಿ," ಎಂದ ಪ್ರಶಾಂತ. "ನನ್ನದು ತೆಗೀಲಿ."

ಧನ್ಯ ಮಗುವಿಗೆ ಹಾಲು ಕುಡಿಸುತ್ತ, ನನ್ನದು ಎಂದು ಎದೆ ಮುಟ್ಟಿ ತೋರಿಸಿದಳು.

ಅಷ್ಟು ವರ್ಷ ಒಂದು ಜಾಗ ಸಿಗದವಳಿಗೆ ಒಂದೇ ಸಂಜೆ ಐದು ಜಾಗ ಸಿಕ್ಕಿತು. ಐದರಲ್ಲಿ ಒಂದೂ ಉಪಯೋಗಕ್ಕೆ ಬರುವುದಲ್ಲ, ಮುಂದಿನ ನವೀಕರಣದವರೆಗೆ ಯಾರ ಹೆಸರನ್ನೂ ತೆಗೆಯುವ ಹಾಗಿರಲಿಲ್ಲ. ಆದರೂ ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿ ಚೆನ್ನಾಗಿ ಅತ್ತೆ. ನನ್ನ ಕಾಯಿಲೆಯ ಕಥೆಯಲ್ಲಿ ಗುಣವಾಗಲು ಶುರುವಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಆ ಸಂಜೆಯನ್ನೇ ಹೇಳುತ್ತೇನೆ.

ಮುಂದಿನ ವಾರಗಳು ಕಾಯುವುದರಲ್ಲಿಯೇ ಹೋದವು. ರಕ್ತ ನಿಲ್ಲಿಸುವ ಮಾತ್ರೆ, ಕಬ್ಬಿಣದ ಚುಚ್ಚುಮದ್ದು. ಅತ್ತಿಗೆ ದಿನಾ ಬೀಟ್‌ರೂಟ್ ಬೇಯಿಸಿ, ಪೂರಾ ತಿನ್ನುವವರೆಗೆ ಎದುರು ಕೂರುತ್ತಿದ್ದರು. ಎಲೆ ಕತ್ತರಿಸಲು ಕತ್ತರಿ ಮುಟ್ಟಿದರೆ ಕಿತ್ತುಕೊಳ್ಳುತ್ತಿದ್ದರು. ಹೊಸ ಪದ್ಧತಿ ಬರುತ್ತದೆ ಎಂದು ಒಂದು ದಿನ ಕೇಳಿಬಂದರೆ, ಚುನಾವಣೆ ಮುಗಿಯದೆ ಬರುವುದಿಲ್ಲ ಎಂದು ಇನ್ನೊಂದು ದಿನ. ಪ್ರಶಾಂತ ಕೆಲಸಕ್ಕೆ ಹೋದ ಮನೆಗಳಲ್ಲೆಲ್ಲ ವಿಚಾರಿಸಿ ದಿನಕ್ಕೊಂದು ಸುದ್ದಿ ತರುತ್ತಿದ್ದ. ಆ ಪದ್ಧತಿ ಬರಲಿಲ್ಲವೆಂದರೆ ಆಪರೇಷನ್ ನಮ್ಮ ಕೈಗೆ ಎಟಕುವಂಥದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನನ್ನ ಮುಖ ನೋಡಿ, "ಇವತ್ತು ಹೇಗುಂಟು?" ಎಂದು ಕೇಳತೊಡಗಿದ. ಹಿಂದೆಂದೂ ಕೇಳಿದವನಲ್ಲ. ಕೇಳಿದ ಕೂಡಲೇ ಉತ್ತರಕ್ಕೆ ಕಾಯದೆ ಚಪ್ಪಲಿ ಹಾಕಿಕೊಂಡು ಹೋಗಿಬಿಡುತ್ತಿದ್ದ.

ತುಣುಕಿನ ಪರೀಕ್ಷೆಯ ಫಲಿತಾಂಶ ತರಲು ನನ್ನ ಜೊತೆ ಅತ್ತಿಗೆ ಬಂದರು. ಡಾಕ್ಟರು ಕಾಗದ ಓದುವಷ್ಟು ಹೊತ್ತೂ ಅತ್ತಿಗೆ ನನ್ನ ಮಣಿಕಟ್ಟು ಹಿಡಿದಿದ್ದರು. "ಕೆಟ್ಟದ್ದು ಎಂತದೂ ಇಲ್ಲ," ಎಂದರು ಡಾಕ್ಟರು. ಹೊರಗೆ ಬಂದು ನೋಡಿದರೆ ನನ್ನ ಬಳೆಯೊಂದು ಮುರಿದಿತ್ತು. ಅತ್ತಿಗೆ ಕ್ಯಾಂಟೀನಿನಲ್ಲಿ ಎರಡು ಪೊರೋಟ ತಿಂದರು. ನನಗೆ ಒಂದೂ ಇಳಿಯಲಿಲ್ಲ, ಅಷ್ಟು ಸಂತೋಷ.

ಕೊನೆಗೆ ಹೊಸ ಪದ್ಧತಿ ಬಂದೇ ಬಂತು. ಪಂಚಾಯತಿನಿಂದ ದಿನ ಗೊತ್ತುಮಾಡಿ ಹೇಳಿದರು. ಅಣ್ಣ ಅಂದು ಕೆಲಸಕ್ಕೆ ರಜೆ ಹಾಕಿ, ದೊಡ್ಡ ರಿಕ್ಷಾ ಕರೆಸಿ, ಅಮ್ಮನಿಂದ ಹಿಡಿದು ಮಗುವಿನವರೆಗೆ ನಮ್ಮೆಲ್ಲರನ್ನೂ ತುಂಬಿಸಿದ. ನನ್ನನ್ನು ಮುಂದೆ ಕೂರಿಸಿದ. ಶಾಲೆಯಲ್ಲಿ ಮೇಜಿನವನು ನಮ್ಮ ಮೆರವಣಿಗೆಯನ್ನು ನೋಡಿ ಹೆದರಿದ.

"ಇಷ್ಟು ಜನ ಯಾಕೆ ಬಂದದ್ದು? ಒಬ್ಬರು ಬಂದ್ರೆ ಸಾಕಿತ್ತು. ಉಳಿದವರನ್ನು ಆಸ್ಪತ್ರೆಯಲ್ಲಿಯೇ ಸೇರಿಸ್ತಾರೆ, ರೇಷನ್ ಕಾರ್ಡ್ ಮತ್ತು ಆಧಾರ್ ತಕೊಂಡು ಹೋಗಿ."

"ಎಷ್ಟು ಜನ ಸೇರಿಸಬಹುದು?" ಎಂದು ಅಣ್ಣ ಕೇಳಿದ.

"ರೇಷನ್ ಕಾರ್ಡಿನಲ್ಲಿ ಎಷ್ಟು ಉಂಟೋ ಅಷ್ಟು."

"ಆರು?"

"ಹದಿನಾರಿದ್ದರೂ ಆಗ್ತದೆ ಮಾರಾಯ್ರೇ, ಮೊದಲು ನೀವು ಒಬ್ಬರು ಬೆರಳು ಇಡಿ."

ಅಣ್ಣ ನಂಬಲಿಲ್ಲ. ಅದೇ ಪ್ರಶ್ನೆಯನ್ನು ಪಕ್ಕದ ಮೇಜಿನಲ್ಲಿ ಇನ್ನೊಮ್ಮೆ ಕೇಳಿದ. ಆಮೇಲೆ ಮರದ ಕೆಳಗೆ ಕುಳಿತಿದ್ದ ಆಶಾ ಕಾರ್ಯಕರ್ತೆಯ ಹತ್ತಿರ ಮೂರನೆಯ ಸಲ ಕೇಳಿದ. ಮೂವರೂ ಒಂದೇ ಹೇಳಿದ ಮೇಲೆ ಬೆರಳು ಇಟ್ಟು ಬಂದು ರಿಕ್ಷಾದಲ್ಲಿ ನನ್ನ ಪಕ್ಕ ಕುಳಿತ.

ಆಸ್ಪತ್ರೆಯ ಕೌಂಟರಿನಲ್ಲಿ ಅದೇ ಸಪೂರದ ಹುಡುಗಿ. ಬೀಡಿ ಕಟ್ಟಿ ಕಟ್ಟಿ ನನ್ನ ಹೆಬ್ಬೆರಳು ನುಣುಪಾಗಿತ್ತು, ಯಂತ್ರ ಒಪ್ಪಲಿಲ್ಲ. ತೋರುಬೆರಳೂ ಇಲ್ಲ. ಹಿಂದೆ ನಿಂತ ಅಣ್ಣನ ಉಸಿರು ನನಗೆ ಕೇಳುತ್ತಿತ್ತು. ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹೊತ್ತಿತು. ಯಾವ ಕೆಲಸಕ್ಕೂ ಬಾರದ ಬೆರಳು ಅದು. ಹುಡುಗಿ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಮಲಯಾಳದಲ್ಲಿತ್ತು. ನಾವಿಬ್ಬರೂ ಓದಲಾರದೆ ನಿಂತೆವು.

"ಧನ್ಯಾ, ಬಾ. ಸರಿ ಓದಿ ಹೇಳು," ಎಂದ ಅಣ್ಣ.

ಧನ್ಯ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು, ಒಂದೊಂದೇ ಅಕ್ಷರ ಬಿಡಿಸಿ ನನ್ನ ಹೆಸರು, ಪ್ರಾಯ, ಮನೆಯ ಹೆಸರು ಓದಿದಳು.

ಆಪರೇಷನ್ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆನ್ನಿಗೆ ಮರಗಟ್ಟುವ ಸೂಜಿ ಕೊಡಲು ನನ್ನ ಬಾಗಿದ ಬೆನ್ನಿನಲ್ಲಿ ಜಾಗ ಸಿಗದೆ ಡಾಕ್ಟರಿಗೆ ಮೂರು ಸಲ ಪ್ರಯತ್ನಿಸಬೇಕಾಯಿತು. ಪ್ರತಿ ಸಲವೂ ಅವರು, "ಕ್ಷಮಿಸಿ, ಇನ್ನೊಂದು ಸಲ," ಎಂದರು. ಡಾಕ್ಟರೊಬ್ಬರು ನನ್ನ ಹತ್ತಿರ ಕ್ಷಮೆ ಕೇಳಿದ್ದು ಅದೇ ಮೊದಲು. ನೋವಿಗಿಂತ ಅದೇ ಹೆಚ್ಚು ನೆನಪಿದೆ. ಒಬ್ಬಳು ನರ್ಸ್ ನನ್ನ ಎಡಗಾಲಿನ ಕೆಳಗೆ ಕೇಳದೆಯೇ ಒಂದು ದಿಂಬು ಇಟ್ಟಳು. ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಟ್ಟೆ ಉರಿಯುತ್ತಿತ್ತು, ಆದರೆ ರಕ್ತ ಕಡಿಮೆಯಾದಂದಿನಿಂದ ತಿಂಗಳುಗಟ್ಟಲೆ ಕಿವಿಯಲ್ಲಿ ಮೊರೆಯುತ್ತಿದ್ದ ಸದ್ದು ನಿಂತುಹೋಗಿತ್ತು.

ಎಲ್ಲವೂ ಸಸೂತ್ರ ಎಂದು ಹೇಳಲಾರೆ. ವಾರ್ಡಿನ ಶೌಚಾಲಯಕ್ಕೆ ಎತ್ತರದ ಹೊಸ್ತಿಲು ಇತ್ತು, ಹಿಡಿದುಕೊಳ್ಳಲು ಗೋಡೆಯಲ್ಲಿ ಏನೂ ಇರಲಿಲ್ಲ. ಹೊಲಿಗೆಯ ಹೊಟ್ಟೆ, ಊರುಗೋಲು, ಒದ್ದೆ ನೆಲ. ರೋಗಿಯ ಜೊತೆ ಇರುವವರನ್ನು ಅಲ್ಲಿ ಬೈಸ್ಟ್ಯಾಂಡರ್ ಎನ್ನುತ್ತಾರೆ. ನನ್ನ ಬೈಸ್ಟ್ಯಾಂಡರ್ ಆಗಿದ್ದ ಅತ್ತಿಗೆ ಪ್ರತಿ ಸಲವೂ ನನ್ನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದರು. ಏಳು ದಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದರು. ನಾನು ನರಳಿದರೆ ಏಳುತ್ತಿದ್ದರು, ನರಳದಿದ್ದರೆ ಯಾಕೆ ಸದ್ದಿಲ್ಲ ಎಂದು ಏಳುತ್ತಿದ್ದರು. "ಇನ್ನು ಯಾವುದಾದರೂ ಅಡಗಿಸಿಟ್ಟದ್ದು ಉಂಟಾದರೆ ಈಗಲೇ ಹೇಳು, ಒಟ್ಟಿಗೆ ತೆಗೆಸುವ," ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿ ನಗಿಸಿದರು. ಹೊಲಿಗೆ ಇದ್ದಾಗ ನಗಿಸಬಾರದು, ನೋವಾಗುತ್ತದೆ.

ಇದನ್ನು ಓದುವವರಲ್ಲಿ ನನ್ನ ಹಾಗೆ ಕಾಲೋ ಕೈಯೋ ಕಣ್ಣೋ ಸರಿಯಿಲ್ಲದೆ ಅಣ್ಣನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರುವವರು ಇರಬಹುದು. ಎಣಿಸುವಾಗ ಈಚೆ ಬಂದು ನಿಲ್ಲುವುದು ನಮಗೆ ಅಭ್ಯಾಸವಾಗಿರುತ್ತದೆ, ಯಾರೂ ತಳ್ಳಬೇಕಾಗಿಲ್ಲ. ನಿಮ್ಮ ಟ್ರಂಕಿನ ಕಾಗದಗಳನ್ನು ಓದು ಬಲ್ಲವರಿಂದ ಒಮ್ಮೆ ಓದಿಸಿ. ಎಲ್ಲಿ ಹೆಸರು ಇದೆ, ಎಲ್ಲಿ ಇಲ್ಲ ಎಂದು ತಿಳಿದುಕೊಳ್ಳಿ. ಇಲ್ಲದಿದ್ದರೆ ಮನೆಯಲ್ಲಿ ಹೇಳಿ. ನಾನು ಹೇಳಿದ್ದರೆ ಏಳು ತಿಂಗಳು ಕತ್ತಲೆಯಲ್ಲಿ ಬಟ್ಟೆ ಒಗೆಯಬೇಕಾಗಿರಲಿಲ್ಲ.

ಎಂಟನೆಯ ದಿನ ಬಿಡುಗಡೆಯಾಯಿತು. ಕೌಂಟರಿನಲ್ಲಿ ಬೆರಳು ಇಡಿಸಿಕೊಂಡು, ಆಯಿತು, ಹೋಗಬಹುದು ಎಂದರು. ಹಣ ಕೇಳುತ್ತಾರೆಂದು ಅಣ್ಣ ಅಲ್ಲಿಯೇ ನಿಂತಿದ್ದ. ಇನ್ನೇನು ಎಂದು ಹುಡುಗಿ ಕೇಳಿದಾಗ, "ಎಂತ ಇಲ್ಲ," ಎಂದು ನಾಚಿಕೊಂಡು ಬಂದ.

ಮನೆ ಮುಟ್ಟುವಾಗ ಸಂಜೆ ಐದು ಗಂಟೆ. ಧನ್ಯ ಕುಚ್ಚಿಲಕ್ಕಿಯ ಗಂಜಿ, ಹೆಸರುಕಾಳಿನ ಪಲ್ಯ, ಕೆಂಡದಲ್ಲಿ ಸುಟ್ಟ ಹಪ್ಪಳ ಮಾಡಿಟ್ಟಿದ್ದಳು. ಅಣ್ಣ ದಾರಿಯಲ್ಲಿ ರಿಕ್ಷಾ ನಿಲ್ಲಿಸಿ ಬಂಗುಡೆ ತಂದಿದ್ದ. ಅದನ್ನು ಹುರಿದು ಎಲ್ಲರೂ ತಿಂದರು, ನನಗೆ ಬೇಡವೆಂದು ಅಮ್ಮ ತೀರ್ಪು ಕೊಟ್ಟು, ಆಮೇಲೆ ತಮ್ಮ ಬಟ್ಟಲಿನಿಂದ ಮುಳ್ಳು ಬಿಡಿಸಿದ ಒಂದು ಚೂರು ನನ್ನ ಗಂಜಿಗೆ ಹಾಕಿದರು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಇನ್ನೂ ಪಲ್ಯ ಬೇಕೇ ಎಂದು ಕೇಳಲು ಅತ್ತಿಗೆಯ ಕಡೆ ತಿರುಗಿದರೆ, ಅವರು ಗೋಡೆಗೆ ಒರಗಿ, ಉಂಡ ಕೈ ತೊಳೆಯದೆ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಹೊರಗೆ ಇನ್ನೂ ಬೆಳಕಿತ್ತು. ಅಣ್ಣ ಬಟ್ಟಲನ್ನು ಸದ್ದಾಗದ ಹಾಗೆ ಅವರ ಮುಂದಿನಿಂದ ಸರಿಸಿದ.